ನಮ್ಮನೆಯ ಅರೆ ಸ್ವಾಯತ್ತ

ನಾನು ಓದಿದ್ದು ಮೂರನೇ ಇಯತ್ತೆ. ಮೊಮ್ಮಗಳು ಪರೀಕ್ಷೆಗೆ ‘ಅರೆ ಸ್ವಾಯತ್ತ, ಅರೆ ಸ್ವಾಯತ್ತ’ ಎಂದು ಉರು ಹೊಡೆಯುತ್ತಿದ್ದಾಗ, ಎಂತ ಅದು ಅಂತ ಕೇಳಿದೆ.

“ಸಣ್ಣಪುಟ್ಟದ್ದು ತಾನೇ ನೋಡ್ಕಳೂದು ಅಜ್ಜಿ. ದೊಡ್ಡದಕ್ಕೆ ಮೇಲಿನವರನ್ನ ಕೇಳಬೇಕು. ಕೆಲವು ಮಂಡಳಿ ಹಾಗಿರ್ತದೆ.” ಅಷ್ಟಕ್ಕೇ ಬಿಡಲಿಲ್ಲ. “ನಮ್ಮ ಅಮ್ಮನೂ ಹಾಗೇ.”

ನಾನು ನಕ್ಕೆ. ಮೀನು ಕೊಯ್ಯುತ್ತಿದ್ದ ಸೊಸೆ ನಗಲಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಮೀನಿನ ವ್ಯಾಪಾರ ಸೊಸೆಗೆ ಬಿಟ್ಟಿದ್ದೇನೆ. ಭಟ್ಕಳ ಪೇಟೆಯಲ್ಲಿ ಯಾರಿಗೆ ಎಷ್ಟಕ್ಕೆ ಕೊಡಬೇಕು ಅನ್ನುವುದು ಅವಳಿಗೆ ಸೇರಿದ್ದು. ‘ಎಲ್ಲ ಅವಳದ್ದೇ ಈಗ’ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದವಳೂ ನಾನೇ. ಆದರೆ ಹರಾಜಿನಲ್ಲಿ ಮೀನಿನ ರಾಶಿ ಕೊಳ್ಳುವ ಮೊದಲು ನನಗೊಂದು ಫೋನು ಮಾಡಬೇಕು. ಅದು ನನ್ನ ಕಟ್ಟಪ್ಪಣೆ.

ಮರುವಾರ ಕಣ್ಣು ತೋರಿಸಲು ಹೊನ್ನಾವರಕ್ಕೆ ಹೊರಟೆ. ಬಸ್ಸು ಬರಲು ಹೊತ್ತಿತ್ತು. ದೋಣಿ ನಿಲ್ಲುವ ತೆಂಗಿನಗುಂಡಿ ಧಕ್ಕೆಗೆ ಹೋಗಿ ಬಲೆಯ ರಾಶಿಯ ಹಿಂದೆ ನೆರಳಿಗೆ ಕೂತೆ. ಹರಾಜಿಗೆ ಬಂದಿದ್ದ ಸೊಸೆಗೆ ನಾನಿರುವುದು ಗೊತ್ತಿಲ್ಲ. ಬಂಗಡೆಯ ಹರಾಜು ಕೂಗುತ್ತಿದ್ದರು. ಅವಳು ಫೋನು ಕಿವಿಗಿಟ್ಟಳು. ಸೊಂಟದ ಚೀಲದೊಳಗೆ ನನ್ನ ಫೋನು ಬಡಕೊಂಡಿತು. ಎಲ್ಲರೂ ತಿರುಗಿದರು. ಚೀಲದ ಗಂಟು ಬಿಚ್ಚುವಷ್ಟರಲ್ಲಿ ರಾಶಿ ಬೇರೆಯವಳ ಪಾಲಾಯಿತು.

“ಅಯ್ಯಯ್ಯೋ, ಮೇಲಿನ ಆಫೀಸು ಇಲ್ಲೇ ಬಂದು ಕೂತಿದೆಯಲ್ಲೇ!” ಎಂದಳೊಬ್ಬಳು.

“ಬಂಗಡೆ ತಕಳೂಕೂ ಅತ್ತೆ ಹೂಂ ಅನ್ಬೇಕನೇ?” ಇನ್ನೊಬ್ಬಳು ಸೊಸೆಯನ್ನು ಕೇಳಿದಳು.

ಹೆಂಗಸರೆಲ್ಲ ನಕ್ಕರು. ನನ್ನ ಜೊತೆಗೇ ಬುಟ್ಟಿ ಹೊತ್ತವಳೊಬ್ಬಳು ಮಾತ್ರ ನಗದೆ, “ಎಲ್ಲ ಅವಳದ್ದೇ ಅಂದಿದ್ಯಲೇ?” ಎಂದಳು. ಮೊಮ್ಮಗಳ ಶಬ್ದಕ್ಕೆ ನಕ್ಕಿದ್ದೆನಲ್ಲ, ಅದರ ಅರ್ಥ ಇಷ್ಟು ಜನರ ನಡುವೆ ಖಾಲಿ ಬುಟ್ಟಿ ಹಿಡಿದು ನಿಂತಿತ್ತು.

ಮುಂದಿನ ರಾಶಿ ನೊಗ್ಲಿ ಮೀನಿನದು. ಸೊಸೆ ನನ್ನ ಮುಖ ನೋಡಿದಳು. ‘ನೀನೇ ನೋಡ್ಕ’ ಅನ್ನಲು ಹೊರಟೆ. ಹಾಗಂದರೂ ಅದು ನಾನು ಕೊಟ್ಟ ಅಪ್ಪಣೆಯೇ. ಸುಮ್ಮನೆ ಸಮುದ್ರದ ಕಡೆ ತಿರುಗಿದೆ. ಅವಳು ರೇಟು ಕೂಗಿದಳು, ರಾಶಿ ಹಿಡಿದಳು. ರೇಟು ಕಿವಿಗೆ ಬಿದ್ದದ್ದೇ ನನ್ನ ಬಾಯಿ ನಿಲ್ಲಲಿಲ್ಲ.

“ದುಬಾರಿ ಆತು.”

ಬುಟ್ಟಿಗೆ ಮೀನು ತುಂಬುತ್ತಿದ್ದ ಅವಳ ಕೈ ನಿಂತಿತು.

“ವಾಪಸ್ ಕೊಡೂದಾ, ಅತ್ತೆ?”

ಸಿಟ್ಟಿನಿಂದ ಕೇಳಿದ್ದರೆ ತಡಕೊಳ್ಳುತ್ತಿದ್ದೆ. ಅವಳು ನಿಜಕ್ಕೂ ಕೇಳಿದಳು. ಬಸ್ಸಿಗೆ ಹೊತ್ತಾತು ಎಂದು ಗೊಣಗಿ ಎದ್ದು ನಡೆದೆ. ತಿರುಗಿ ನೋಡಿದಾಗ ಅವಳು ಬುಟ್ಟಿಯ ಮುಂದೆ ಹಾಗೇ ಕೂತಿದ್ದಳು, ನನ್ನ ಉತ್ತರಕ್ಕೆ ಕಾಯುತ್ತ.