ಮನೆ ಮಾಲೀಕರು ಹಿಡಿದ ಮೀನು

ದಿನಚರಿ ಬರೆಯುವವರಿಗೆ ಒಂದು ತೊಂದರೆಯಿದೆ: ಅವರ ಶ್ರದ್ಧೆಗೆ ತಕ್ಕಷ್ಟು ಸಾಮಗ್ರಿಯನ್ನು ಬದುಕು ಒದಗಿಸುವುದಿಲ್ಲ. ನಾನು ಬೆಚ್ಚಿಬಿದ್ದ ದಿನಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ವರ್ಷವಿಡೀ ಆ ಪೆನ್ನು ಒಣಗಿಕೊಂಡೇ ಇರುತ್ತದೆ. ವಡೋದರದ ಮಕರಪುರದ ಕಾರ್ಖಾನೆಯಲ್ಲಿ ಸ್ವಿಚ್ಚುಗಳನ್ನು ಪರೀಕ್ಷಿಸುವವನಿಗೆ ಆಗಬಹುದಾದ ಆಘಾತ ಒಂದೇ, ಅದೂ ಅರ್ಥಿಂಗ್ ಸರಿಯಿಲ್ಲದಿದ್ದರೆ. ಆದರೆ ಕಳೆದ ಡಿಸೆಂಬರಿನ ಒಂದು ಪುಟ ಮಾತ್ರ ಮೇಲಿನಿಂದ ಕೆಳಗಿನವರೆಗೆ ಕೆಂಪು. ಕಾರಣ ಒಂದು ಮೀನು.

ಮೊದಲು ನಮ್ಮ ಮನೆಯ ಗುಟ್ಟು ಹೇಳಿಬಿಡುತ್ತೇನೆ. ನಾವು ಕರಾವಳಿಯವರು, ಹಲ್ಲು ಬಂದಾಗಿನಿಂದ ಮೀನು ತಿಂದವರು. ಆದರೆ ವಡೋದರದಲ್ಲಿ ನಮಗೆ ಬಾಡಿಗೆಗೆ ಮನೆ ಕೊಟ್ಟ ಹಸ್ಮುಖಭಾಯಿಯವರು ಕೆಳಗಿನ ಮಹಡಿಯಲ್ಲೇ ಇದ್ದಾರೆ, ಮತ್ತು ಅವರು ಹಾಕಿದ ಷರತ್ತು ಒಂದೇ: ಅಡುಗೆಮನೆಯಲ್ಲಿ ಮೀನು, ಮಾಂಸ, ಮೊಟ್ಟೆ ಕೂಡದು. ನಮ್ಮ ಜೊತೆಗೇ ಇರುವ ಅಮ್ಮನ ತಮ್ಮ ಸುಧಾಕರ ಮಾವ ಬೀದಿಯ ತುದಿಯಲ್ಲಿ ಶುದ್ಧ ಸಸ್ಯಾಹಾರಿ ಉಡುಪಿ ಹೋಟೆಲು ನಡೆಸುತ್ತಾರೆ. ಆ ಬೋರ್ಡನ್ನೇ ಪ್ರಮಾಣಪತ್ರದಂತೆ ತೋರಿಸಿ ಮನೆ ಹಿಡಿದರು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಬಂಗುಡೆ ಸಾರು, ಮುಚ್ಚಿದ ಕಿಟಕಿಗಳು, ವಾಸನೆ ಮುಚ್ಚಲು ಅಮ್ಮ ಕಂತೆಗಟ್ಟಲೆ ಹಚ್ಚುವ ಊದಿನಕಡ್ಡಿ. ಕೆಳಗಿನಿಂದ ಒಂದು ಕೆಮ್ಮು ಕೇಳಿದರೂ ನಮ್ಮ ತುತ್ತು ಅರ್ಧದಲ್ಲಿ ನಿಲ್ಲುತ್ತಿತ್ತು. ಸಿಕ್ಕಿಬಿದ್ದರೆ ಮನೆ ಹೋಗುತ್ತದೆ. ಹೋಟೆಲಿಗೆ ಇಷ್ಟು ಹತ್ತಿರದ, ಇಷ್ಟು ಗಾಳಿ ಬೆಳಕಿನ ಇನ್ನೊಂದು ಮನೆ ಸಿಗುವುದಿಲ್ಲ.

ಅಂಥ ಹಸ್ಮುಖಭಾಯಿ ಮತ್ತು ಅವರ ಹೆಂಡತಿ ಕೋಕಿಲಾಬೆನ್ ಜೊತೆಗೇ ನಾವು ಹಿಮಾಚಲಕ್ಕೆ ಪ್ರವಾಸ ಹೊರಟೆವು. ಗುಜರಾತಿಗಳು ಜೊತೆಗಿದ್ದರೆ ದಾರಿಯ ತಿಂಡಿಯ ಚಿಂತೆಯಿಲ್ಲವೆಂಬುದು ಅಮ್ಮನ ಅನುಭವ. ಚಳಿಗಾಲದಲ್ಲಿ ಅಲ್ಲಿಯ ನದಿಗೆ ಗಾಳ ಹಾಕುವಂತಿಲ್ಲ. ಟ್ರೌಟ್ ಮೀನು ಮೊಟ್ಟೆಯಿಡುವ ಕಾಲ. ಆದರೆ ಟ್ರೌಟ್ ಸಾಕುವ ಕೊಳವೊಂದರಲ್ಲಿ ಪ್ರವಾಸಿಗರಿಗೆ ಗಾಳ ಕೊಡುತ್ತಾರೆಂದು ಮಾವ ಪತ್ತೆ ಮಾಡಿಬಿಟ್ಟರು.

"ಎಂತ ಮಾವ, ಅವರ ಎದುರಿಗಾ?" ಎಂದೆ.

"ಹಿಡಿಯುವುದು ಬೇರೆ, ತಿನ್ನುವುದು ಬೇರೆ ಮಾರಾಯ. ಹಿಡಿದು ವಾಪಸ್ ಬಿಡುವುದು, ಆಟ ಅಂತ ಹೇಳಿದ್ದೇನೆ. ಕ್ರಿಕೆಟಿನ ಹಾಗೆ."

ಹಸ್ಮುಖಭಾಯಿ ಸಂತೋಷದಿಂದಲೇ ಬಂದರು. ಊರಿನಲ್ಲಿ ಅವರು ದಿನಾ ಬೆಳಿಗ್ಗೆ ಕೆರೆಗೆ ಹೋಗಿ ಮೀನುಗಳಿಗೆ ಹಿಟ್ಟಿನ ಉಂಡೆ ಹಾಕುವವರು. ಅದು ಅವರಿಗೆ ಪುಣ್ಯದ ಕೆಲಸ. ಇಲ್ಲಿಗೂ ಸ್ಟೀಲ್ ಡಬ್ಬಿಯಲ್ಲಿ ಕಲಸಿದ ಹಿಟ್ಟು ತಂದಿದ್ದರು. "ಮೀನಿರುವ ಕಡೆ ಬರಿಗೈಯಲ್ಲಿ ಹೋಗುವುದುಂಟೇ?"

ಕೊಳದ ಬಳಿ ಉಸಿರೇ ಹೊಗೆಯಾಗುವಷ್ಟು ಚಳಿ. ಮಾವ ಮಂಗನ ಟೊಪ್ಪಿ ಹಾಕಿಕೊಂಡು, "ನಾನು ಹುಟ್ಟಿದ್ದೇ ದೋಣಿಯ ನೆರಳಲ್ಲಿ" ಎಂದು ಗಾಳ ಬೀಸಿದರು. ಮೀನುಗಳಿಗೆ ಈ ಮಾತು ಕೇಳಿಸಲಿಲ್ಲ. "ನೀನು ಹುಟ್ಟಿದ್ದು ಆಸ್ಪತ್ರೆಯಲ್ಲಿ ಸುಧಾ" ಎಂದರು ಅಮ್ಮ. ಬಹಳ ಹೊತ್ತಿನ ನಂತರ ಬೆರಳು ಮರಗಟ್ಟಿ, ಮಾವ ಗಾಳದ ಕೋಲನ್ನು ಹಸ್ಮುಖಭಾಯಿಯ ಕೈಗಿತ್ತು ಚಹಾ ಕುಡಿಯಲು ಹೋದರು.

ಹಸ್ಮುಖಭಾಯಿ ಎಡಗೈಯಲ್ಲಿ ಕೋಲನ್ನು ಕೊಡೆಯಂತೆ ಹಿಡಿದು, ಬಲಗೈಯಿಂದ ಹಿಟ್ಟು ಎಸೆಯುತ್ತಾ, "ಆವೋ ಬೇಟಾ, ಆವೋ" ಎಂದು ಕರೆದರು. ಅಷ್ಟು ಹೊತ್ತು ಮಾವನಿಗೆ ಬೆನ್ನು ತೋರಿಸಿದ್ದ ಟ್ರೌಟ್‌ಗಳೆಲ್ಲ ಅವರ ಕಾಲ ಬುಡಕ್ಕೆ ಬಂದು ಮುತ್ತಿದವು. ಕೋಲು ಬಾಗಿತು. ಅವರು ಗಾಬರಿಯಲ್ಲಿ ಎಳೆದರು. ಪಕ್ಕೆಯಲ್ಲಿ ಗುಲಾಬಿ ಗೆರೆಯಿದ್ದ ಮೀನೊಂದು ಸಿಮೆಂಟಿನ ಮೇಲೆ ಬಿದ್ದು ಚಡಪಡಿಸಿತು.

ಇಷ್ಟು ವರ್ಷ ತಿಂದರೂ ನಾನು ಮೀನು ಸಾಯುವುದನ್ನು ನೋಡಿದವನಲ್ಲ. ನನ್ನ ಬಳಿ ಬರುವ ಮೀನು ಮಸಾಲೆ ಮೆತ್ತಿಕೊಂಡೇ ಬರುತ್ತಿತ್ತು. ಇದರ ಬಾಯಿ ಏನೋ ಹೇಳಲು ಹೊರಟಂತೆ ತೆರೆದು ಮುಚ್ಚುತ್ತಿತ್ತು. ಮನುವಿನ ಬೊಗಸೆಗೆ ಬಂದ ಪುಟ್ಟ ಮೀನು 'ನನ್ನನ್ನು ಕಾಪಾಡು' ಎಂದಿತಂತೆ. ಅಜ್ಜಿ ಆ ಕಥೆ ಹೇಳಿದ ಮೇಲೆ ನಾವಿಬ್ಬರೂ ಯಾವ ಸಾರಿನ ಮುಂದೆ ಊಟಕ್ಕೆ ಕೂತೆವೆಂಬುದು ನನಗೆ ಆಗ ಮೊದಲ ಸಲ ಹೊಳೆಯಿತು.

"ಬಿಡಿ, ಬೇಗ ನೀರಿಗೆ ಬಿಡಿ!" ಎಂದು ಹಸ್ಮುಖಭಾಯಿ ಕೂಗಿದರು.

ಕೊಳ ನೋಡಿಕೊಳ್ಳುವವನು ಓಡಿ ಬಂದು ಬಗ್ಗಿ ಮೀನಿನ ಬಾಯಿ ನೋಡಿದ. "ಗಾಳ ಹೊಟ್ಟೆಯವರೆಗೆ ಹೋಗಿದೆ ಸಾಬ್. ಬಿಟ್ಟರೂ ಉಳಿಯುವುದಿಲ್ಲ." ಕೈಯಲ್ಲಿದ್ದ ದೊಣ್ಣೆಯಿಂದ ಒಂದೇ ಏಟು ಹಾಕಿ, "ಹುರಿದು ಕೊಡಲೇ? ಯಾರು ತಿನ್ನುತ್ತೀರಿ?" ಎಂದ.

ಅಮ್ಮ ಶಾಲು ನೋಡಿಕೊಂಡರು. ಚಹಾ ಲೋಟ ಹಿಡಿದು ಬಂದ ಮಾವ ಆಕಾಶ ನೋಡಿದರು. "ನಾವೆಲ್ಲ ಶುದ್ಧ ಶಾಕಾಹಾರಿ" ಎಂದರು.

"ನನ್ನ ಹಿಟ್ಟನ್ನು ನಂಬಿ ಬಂತು" ಎಂದರು ಹಸ್ಮುಖಭಾಯಿ, ಯಾರಿಗೂ ಅಲ್ಲದಂತೆ. ಆಮೇಲೆ ಮಾವನ ಕಡೆ ತಿರುಗಿದರು. "ಕೊಂದು ಎಸೆದರೆ ಎರಡು ಪಾಪ. ತಿನ್ನಿ ಸುಧಾಕರಭಾಯ್."

"ಅರೇ, ನಾವೆಲ್ಲಿ..."

"ಭಾನುವಾರ ಮಧ್ಯಾಹ್ನ ಅಷ್ಟೊಂದು ಅಗರಬತ್ತಿ ಕೇಳುವ ದೇವರು ಯಾರು ಅಂತ ನನಗೆ ಗೊತ್ತಿಲ್ಲವೇ?"

ಕೆಂಪು ಶಾಯಿ ಸಾಲದಾದದ್ದು ಇಲ್ಲಿ. ನಾವು ತಿಂದೆವು. ಹಸ್ಮುಖಭಾಯಿ ಕೈಯಲ್ಲಿ ಮೆಂತ್ಯಸೊಪ್ಪಿನ ಥೇಪ್ಲಾ ರೊಟ್ಟಿ ಹಿಡಿದುಕೊಂಡು, ಅದನ್ನು ತಿನ್ನದೆ, ಮೀನಿನ ಒಂದು ಚೂರೂ ಹಾಳಾಗದಂತೆ ಎದುರು ಕೂತು ನೋಡಿಕೊಂಡರು. ಮುಳ್ಳನ್ನೂ ಬಿಡದ ಮಾವನಿಗೆ ತುತ್ತು ಇಳಿಯಲಿಲ್ಲ. ನನಗೆ ಇಳಿಯಿತು. ಕಣ್ಣೆದುರು ಸತ್ತದ್ದು ಅಷ್ಟು ರುಚಿಯಾಗಿತ್ತು ಎಂಬುದರಿಂದ ನಾನು ಇನ್ನೂ ಚೇತರಿಸಿಕೊಂಡಿಲ್ಲ.

ವಾಪಸಾಗುವಾಗ ಅಮ್ಮ ರೈಲಿನಲ್ಲಿ ಮನಸ್ಸಿನೊಳಗೇ ಪಾತ್ರೆಗಳನ್ನು ಕಟ್ಟತೊಡಗಿದ್ದರು. ಊರು ಹತ್ತಿರವಾದಾಗ ತಡೆಯಲಾರದೆ ಕೇಳಿಯೇಬಿಟ್ಟರು: "ಭಾಯಿಸಾಬ್, ಮನೆ ಯಾವಾಗ ಖಾಲಿ ಮಾಡಬೇಕು?"

"ಷರತ್ತು ಷರತ್ತೇ. ಅದನ್ನು ಬದಲಿಸುವುದಿಲ್ಲ" ಎಂದರು ಹಸ್ಮುಖಭಾಯಿ. ಅಮ್ಮನ ಕಣ್ಣು ತುಂಬಿತು. ಕೋಕಿಲಾಬೆನ್ ಗಂಡನನ್ನು ಮೊಣಕೈಯಿಂದ ತಿವಿದರು. ಹಸ್ಮುಖಭಾಯಿ ಮುಂದುವರಿಸಿದರು: "ಇನ್ನೊಂದು ಷರತ್ತು ಸೇರಿಸುತ್ತೇನೆ. ಆ ಅಗರಬತ್ತಿ ನಿಲ್ಲಿಸಿ. ಅದರ ಹೊಗೆಗೆ ಇವಳು ಸೋಮವಾರದವರೆಗೂ ಕೆಮ್ಮುತ್ತಾಳೆ."

ಈಗ ಭಾನುವಾರ ಬೆಳಿಗ್ಗೆ ಮಾವ ಹಸ್ಮುಖಭಾಯಿಯ ಜೊತೆ ಹಿಟ್ಟು ಹಿಡಿದು ಕೆರೆಗೆ ಹೋಗುತ್ತಾರೆ. ಮಧ್ಯಾಹ್ನದ ಸಾರು ನಿಂತಿಲ್ಲ. ಕಿಟಕಿಗಳು ತೆರೆದಿರುತ್ತವೆ, ಕೆಳಗೆ ಯಾರೂ ಕೆಮ್ಮುವುದಿಲ್ಲ. ಎರಡು ಷರತ್ತುಗಳಲ್ಲಿ ಒಂದನ್ನಾದರೂ ನಾವು ಪ್ರಾಮಾಣಿಕವಾಗಿ ಪಾಲಿಸುತ್ತಿದ್ದೇವೆ.