ಗಂಟು ಬೇಡವೆಂದ ಕೆಳಗಿನ ಮನೆಯ ಕಾಕು

ಅವರ ತುರುಬಿನಲ್ಲಿ ಹೂವು ಇರುತ್ತಿರಲಿಲ್ಲ, ಉಕ್ಕಿನ ಒಂದು ಕ್ರೋಶಾ ಸೂಜಿ ಇರುತ್ತಿತ್ತು. ತುದಿಯಲ್ಲಿ ಸಣ್ಣ ಕೊಕ್ಕೆ, ನಡುವೆ ಹೆಬ್ಬೆರಳು ಊರಿ ಊರಿ ಸವೆದು ಹೊಳೆಯುವ ಚಪ್ಪಟೆ ಜಾಗ. ಅದೇ ಸೂಜಿಯಿಂದ ತಲೆ ಕೆರೆದುಕೊಳ್ಳುತ್ತಿದ್ದರು, ಅದೇ ಸೂಜಿಯಿಂದ ಬಿಪಿ ಗುಳಿಗೆಯ ಪಟ್ಟಿ ಒಡೆಯುತ್ತಿದ್ದರು, ಅದೇ ಸೂಜಿಯಿಂದ ನನ್ನ ಬೆರಳ ಗಿಣ್ಣಿನ ಮೇಲೆ ಟಕ್ಕೆಂದು ಬಾರಿಸುತ್ತಿದ್ದರು. ನಾನೇನು ಸಣ್ಣ ಹುಡುಗಿಯಲ್ಲ. ನಲವತ್ತರ ಹತ್ತಿರ ಬಂದವಳು, ಹಾತಕಣಂಗಲೆಯ ಶಾಲೆಯೊಂದರ ಆಫೀಸಿನಲ್ಲಿ ಕೂತು ದಿನಕ್ಕೆ ಹತ್ತು ಪಾಲಕರನ್ನು ಗದರಿ ಕಳಿಸುವವಳು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಕೆಳಗಿನ ಮನೆಯ ಈ ಕಾಕುವಿನ ಎದುರು ಚಾಪೆಯ ಮೇಲೆ ಕೂತರೆ ಮಾತ್ರ ಒಂದನೇ ಇಯತ್ತೆಗೆ ಇಳಿದುಬಿಡುತ್ತಿದ್ದೆ.

ಅವರ ಹತ್ತಿರ ಹೋಗುವಂತೆ ಮಾಡಿದ್ದು ನನ್ನ ಅತ್ತೆ. ನಮಗೆ ಮಕ್ಕಳಾಗಲಿಲ್ಲ. ದತ್ತು ತೆಗೆದುಕೊಳ್ಳಲು ಹೆಸರು ಹಚ್ಚಿ ಮೂರು ವರ್ಷ ಕಾದಿದ್ದೆವು. ನಮ್ಮ ಪಾಳಿ ಹತ್ತಿರ ಬಂತೆಂದು ತಿಳಿದಾಗ ಗಡಹಿಂಗ್ಲಜದಲ್ಲಿರುವ ಅತ್ತೆಗೆ ಫೋನು ಮಾಡಿದೆ. ಅವರು ತಮ್ಮ ಎಲ್ಲ ಮೊಮ್ಮಕ್ಕಳಿಗೂ, ಹುಟ್ಟಿದ ತಿಂಗಳೊಳಗೆ, ತಮ್ಮ ಕೈಯಿಂದಲೇ ಕೌದಿ ಹೊಲಿದು ಕೊಟ್ಟವರು. ನಮ್ಮದಕ್ಕೆ ಮಾತ್ರ, "ಯಾರದೋ ಏನೋ, ಮೊದಲ ಬರಲಿ, ಆಮ್ಯಾಲ ನೋಡೂನು" ಅಂದರು. ಅಷ್ಟೇ. ಬೈದಿದ್ದರೆ ಬೇಕಾಗಿತ್ತು. ಎರಡು ದಿನ ಕುದಿದು ಮೂರನೇ ದಿನ ತೀರ್ಮಾನಿಸಿದೆ, ನನ್ನ ಕೂಸು ನಾನೇ ಮಾಡಿದ ಹೊದಿಕೆಯಲ್ಲಿ ಈ ಮನೆಗೆ ಬರಬೇಕು. ಹೊಲಿಗೆ ನನಗೆ ಬರುತ್ತಿರಲಿಲ್ಲ. ಮೊಬೈಲಿನಲ್ಲಿ ನೋಡಿದ್ದ ಒಂದು ಬಿಳಿ ಕ್ರೋಶಾ ಹೊದಿಕೆ ಕಣ್ಣಲ್ಲಿ ಕೂತಿತ್ತು: ಒಂದು ಸಾಲು ಜಾಳಿಗೆ, ಒಂದು ಸಾಲು ಉಬ್ಬು, ಮತ್ತೆ ಜಾಳಿಗೆ.

ಕಾಕುವಿನ ಮನೆಯಲ್ಲಿ ಜಾಳಿಗೆ ಹೊದ್ದಿರದ ವಸ್ತುವೇ ಇರಲಿಲ್ಲ. ಟಿವಿಗೆ ಒಂದು, ಫ್ರಿಜ್ಜಿಗೆ ಒಂದು, ಮಿಕ್ಸರಿಗೆ ಒಂದು, ಗ್ಯಾಸಿನ ಸಿಲಿಂಡರಿಗೂ ಕೆಂಪು ಅಂಚಿನ ಒಂದು ಲಂಗ. ನಾನು ಮೊಬೈಲು ತೋರಿಸಿ, ನಾದಿನಿಯ ಕೂಸಿಗೆ ಬೇಕು, ಕಲಿಸಿರಿ ಅಂದೆ. ಅವರು ಚಿತ್ರ ನೋಡದೆ ನನ್ನ ಮುಖ ನೋಡಿದರು.

"ನಿನ್ನ ನಾದಿನಿಗೆ ಮೂರ ಅದಾವ, ಆಪರೇಷನ್ ಆಗೈತಿ ಅಂತ ನೀನ ಹೇಳಿದ್ದಿ. ಸುಳ್ಳ ಹೇಳೂದಾದ್ರ ಹಿಂದಿಂದ ನೆಂಪ ಇಟ್ಟ ಹೇಳಬೇಕ ನೋಡವಾ."

ಎಲ್ಲ ಹೇಳಬೇಕಾಯಿತು. ಕೊಲ್ಲಾಪುರದ ಸಂಸ್ಥೆ, ಮೂರು ವರ್ಷದ ದಾರಿ, ಅತ್ತೆಯ ಮಾತು. ಕೇಳಿದವರೆಲ್ಲ ಈ ಹೊತ್ತಿಗೆ ನಿಟ್ಟುಸಿರು ಬಿಡುತ್ತಾರೆ, ಇಲ್ಲವೆ ಯಾವ ಜಾತಿಯದು ಅನ್ನುತ್ತಾರೆ. ಕಾಕು ತುರುಬಿನಿಂದ ಸೂಜಿ ಎಳೆದುಕೊಂಡು ಒಂದೇ ಪ್ರಶ್ನೆ ಕೇಳಿದರು. "ಕೂಸು ಎಷ್ಟ ತಿಂಗಳದ್ದ ಇರತೈತಿ? ಅಳತಿ ಬೇಕಲ್ಲ."

ಅವರು ನನ್ನ ಮೇಲೆ ಪ್ರೀತಿ ತೋರಿಸಿದ್ದು ಅವತ್ತೊಂದೇ ದಿನ ಎಂದು ಆಮೇಲಿನ ಐದು ತಿಂಗಳು ನನಗನಿಸಿತ್ತು.

ಕ್ರೋಶಾದಲ್ಲಿ ಇರುವುದು ಎರಡೇ ಸಂಗತಿ ಎನ್ನುತ್ತಿದ್ದರು. ದಾರದ ಕುಣಿಕೆಯೊಳಗಿಂದ ಕುಣಿಕೆ ಎಳೆದರೆ ಸಾಖಳಿ, ಅದರ ಮೇಲೆ ಸುತ್ತು ಹಾಕಿ ಎತ್ತಿ ನಿಲ್ಲಿಸಿದರೆ ಖಾಂಬ. ಸಾಖಳಿ ಎಂದರೆ ಸರಪಳಿ, ಖಾಂಬ ಎಂದರೆ ಕಂಬ, ಮುಗಿಯಿತು. ಹೇಳಲು ಎಷ್ಟು ಸುಲಭ. ನನ್ನ ಕಂಬಗಳು ಪ್ರತಿ ಸಾಲಿನ ಕೊನೆಗೆ ಒಂದೊಂದು ಕಡಿಮೆಯಾಗುತ್ತ ಹೋದವು. ಯಾಕೆಂದು ನನಗೆ ತಿಳಿಯಲಿಲ್ಲ. ಹದಿನೈದು ದಿನಕ್ಕೆ ನನ್ನ ಹೊದಿಕೆ ತ್ರಿಕೋನವಾಯಿತು. ಕಾಕು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದ ಕೂಸಿಗೆ ಹೊಚ್ಚೂದೋ, ಗಣಪತಿ ಮಂಡಳದ ಝಂಡಾನೋ?"

"ಕಡೀಗೆ ಸರಿ ಆಗತೈತಿ ಅನ್ಕೊಂಡೆನ್ರಿ ಕಾಕೂ."

"ಬುಡ ತಪ್ಪಿದ್ದ ಕಡೀಗೆ ಸರಿ ಆಗಂಗಿಲ್ಲ. ಉಚ್ಚು."

ಉಚ್ಚು ಎಂದರೆ ಬಿಚ್ಚು. ಹದಿನೈದು ದಿನದ ಕೆಲಸ ಸರಸರ ಎಂದು ಒಂದು ನಿಮಿಷದಲ್ಲಿ ದಾರವಾಗಿಬಿಡುತ್ತದೆ. ಉಬ್ಬಿನ ಸಾಲಿಗೆ ಬಂದಾಗ ಇನ್ನೂ ಕಷ್ಟ. ಅಲ್ಲಿ ಸೂಜಿಯನ್ನು ಕೆಳಗಿನ ಕಂಬದ ತಲೆಗೆ ಚುಚ್ಚಬಾರದು, ಕಂಬದ ನಡುವನ್ನು ಸುತ್ತಿ ಹಿಂದಿನಿಂದ ಹೊರಗೆ ತರಬೇಕು. ಆಗ ಕಂಬ ಮುಂದಕ್ಕೆ ಎದ್ದು ನಿಲ್ಲುತ್ತದೆ. ನಾನು ತಲೆಗೇ ಚುಚ್ಚುತ್ತಿದ್ದೆ. ಗಿಣ್ಣಿನ ಮೇಲೆ ಟಕ್. ನಾನು ಚಹಾ ಮಾಡಲು ಒಳಗೆ ಹೋದರೆ ಅವರೇ ನಾಲ್ಕು ಸಾಲು ಎಳೆದು ಬಿಚ್ಚಿಟ್ಟಿರುತ್ತಿದ್ದರು. ಕೇಳಿದರೆ, "ನೀ ಇದ್ದಾಗ ಉಚ್ಚಿದ್ರ ನಿನ್ನ ಮಾರಿ ನೋಡಾಕ ಆಗಂಗಿಲ್ಲ" ಅನ್ನುತ್ತಿದ್ದರು.

ಮೇಲಿಂದ ಹೊತ್ತಿನ ಕಾಟ. ಕಾಕು ಜೈನರು, ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕುತ್ತಿರಲಿಲ್ಲ. ನಾನು ಬಸ್ಸಿಳಿದು ಮನೆ ಮುಟ್ಟುವುದು ನಾಲ್ಕೂಮುಕ್ಕಾಲಿಗೆ. ಅವರು ಕಿಟಕಿಯ ಬೆಳಕು ನೋಡುತ್ತ ಕೂತಿರುತ್ತಿದ್ದರು. ಬೆಳಕು ಹಳದಿಗೆ ತಿರುಗಿತೋ, ಸಾಲಿನ ನಡುವೆ ಇರಲಿ, ಕುಣಿಕೆಯ ನಡುವೆ ಇರಲಿ, ಸೂಜಿ ತುರುಬಿಗೆ. "ಪುರೇ ಆತ ಇವತ್ತಿಗೆ." ಪುರೇ ಎಂದರೆ ಸಾಕು. ಇನ್ನೊಂದೇ ಖಾಂಬ ಕಾಕೂ ಎಂದರೂ ಕೇಳುತ್ತಿರಲಿಲ್ಲ. ಚಳಿಗಾಲದಲ್ಲಿ ನನಗೆ ಸಿಗುತ್ತಿದ್ದದ್ದು ಮುಕ್ಕಾಲು ತಾಸು, ಅದರಲ್ಲಿ ಅರ್ಧ ತಾಸು ಬಿಚ್ಚುವುದಕ್ಕೇ.

ಇಷ್ಟರ ನಡುವೆ ನನಗೆ ಒಂದೇ ಒಂದು ವಿಷಯದಲ್ಲಿ ಹೆಮ್ಮೆಯಿತ್ತು. ನಾನು ಯಡ್ರಾವದ ಪವರ್‌ಲೂಮಿನ ಮನೆಯ ಮಗಳು. ಮಗ್ಗದ ಮೇಲೆ ಎಳೆ ಹರಿದರೆ ಅವ್ವ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಿ, ಬಾಲ ಬುಡಕ್ಕೇ ಕತ್ತರಿಸುತ್ತಿದ್ದಳು. ಏಳು ವರ್ಷಕ್ಕೇ ನನಗೂ ಆ ಗಂಟು ಬಂದಿತ್ತು. ಬಟ್ಟೆಯಲ್ಲಿ ಎಲ್ಲಿದೆಯೆಂದು ಯಾರಿಗೂ ಸಿಗದಷ್ಟು ಸಣ್ಣ ಗಂಟು. ಹೊದಿಕೆಯ ದಾರವನ್ನು ಅಣ್ಣನ ಕಾರಖಾನೆಯಿಂದಲೇ ತಂದಿದ್ದೆ. ಕೋನಿನ ತಳದಲ್ಲಿ ಉಳಿದ ಹತ್ತಿ ನೂಲು, ನಾಲ್ಕೆಳೆ ಕೂಡಿಸಿ ಉಂಡೆ ಸುತ್ತಿದ್ದು. ತುಂಡು ತುಂಡು ಇದ್ದದ್ದರಿಂದ ಜೋಡಣೆಗಳು ಬಹಳ. ಮೊದಲ ಜೋಡಣೆಗೆ ನಾನು ನನ್ನ ಗಂಟು ಹಾಕಿ ಹಲ್ಲಿನಿಂದ ಬಾಲ ಕಡಿದು ತೋರಿಸಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ.

"ಇಲ್ಲಿ ಗಂಟ ಹಾಕಬ್ಯಾಡ. ಗೇಣುದ್ದ ಬಾಲ ಬಿಡು, ಸೂಜಿಲೆ ಕಂಬದಾಗ ಪೋಣಿಸು, ಅತ್ತಾಗೊಮ್ಮಿ ಇತ್ತಾಗೊಮ್ಮಿ."

"ನಮ್ಮ ಗಂಟು ಬಿಚ್ಚಂಗಿಲ್ರಿ ಕಾಕೂ. ನಮ್ಮ ಈ ಮಗ್ಗದ ಊರ ಇಚಲಕರಂಜಿ ಪೂರಾ ಇದರ ಮ್ಯಾಲ ನಡದೈತಿ."

"ಅಲ್ಲಿ ಅಕ್ಕಪಕ್ಕದ ಸಾವಿರ ಎಳಿ ಅದನ್ನ ಒತ್ತಿ ಹಿಡದಿರತಾವ. ಇಲ್ಲಿ ಯಾರ ಅದಾರ ಹಿಡಿಯಾಕ? ಬರೇ ತೂತು."

ಹೂಂ ಅಂದೆ. ಅವರೆದುರು ಬಾಲ ಪೋಣಿಸಿದೆ. ಮೇಲೆ ನಮ್ಮ ಮನೆಯಲ್ಲಿ, ಅವರ ಕಣ್ಣಿಲ್ಲದಾಗ, ಎಲ್ಲ ಕಡೆ ಗಂಟೇ ಹಾಕಿದೆ. ಬಾಲ ಪೋಣಿಸಲು ಯಾರಿಗಿದೆ ಪುರುಸೊತ್ತು?

ಮಾಘ ಕಳೆಯುವ ಹೊತ್ತಿಗೆ ಹೊದಿಕೆ ಮುಗಿಯಿತು. ಅದೇ ವಾರ ಕೊಲ್ಲಾಪುರದಿಂದ ಕರೆ ಬಂತು. ಆರು ತಿಂಗಳ ಹೆಣ್ಣು ಕೂಸು, ಶುಕ್ರವಾರ ಬಂದು ಕರೆದೊಯ್ಯಿರಿ ಅಂದರು. ನಾನು ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ. ಕಾಕು ಹೊದಿಕೆಯನ್ನು ಸಾಲು ಸಾಲಾಗಿ ಬೆರಳಿನಿಂದ ಎಣಿಸಿ ನೋಡಿ, ಚೆನ್ನಾಗಿದೆ ಎಂದು ಹೇಳದೆ, "ತೊಳಿ" ಅಂದರು.

"ಹೊಸಾದ ಐತೆಲ್ರಿ."

"ಅದಕ್ಕ. ಕೂಸಿನ ಮೈಮ್ಯಾಲ ಮೊದಲ ಹೊಸಾ ಅರಿವಿ ಹಾಕಬಾರದು. ಹಳೇದ ಬೇಕ. ಹಳೇದ ಇಲ್ಲಂದ್ರ ಇದನ್ನ ಹಳೇದ ಮಾಡು. ಮೂರ ಸಲ ತೊಳದ ಬಿಸಲಿಗೆ ಹಾಕು."

ನಮ್ಮ ಕಡೆಯ ಎಲ್ಲ ಕೂಸುಗಳೂ ಮೊದಲು ಅಜ್ಜಿಯ ಹಳೆಯ ಸೀರೆಯಲ್ಲೇ ಸುತ್ತಿಕೊಳ್ಳುವುದು. ನನ್ನ ಕೂಸಿಗೆ ಯಾವ ಅಜ್ಜಿಯ ಸೀರೆಯೂ ಕಾದಿರಲಿಲ್ಲ. ತೊಳೆದೆ. ಮೂರನೆಯ ಸಲ, ಬುಧವಾರ ಸಂಜೆ, ಮಾಳಿಗೆಯ ತಂತಿಯಿಂದ ಎತ್ತಿಕೊಂಡಾಗ ನನ್ನ ಮೂರು ಬೆರಳು ಹೊದಿಕೆಯ ಆಚೆ ಹೋದವು. ಹಿಡಿದು ನೋಡಿದರೆ ಹನ್ನೊಂದು ಕಡೆ ಗಂಟು ಜಾರಿತ್ತು, ಸುತ್ತಲಿನ ಕಂಬಗಳು ಒಂದೊಂದಾಗಿ ಮಲಗಿದ್ದವು.

ಕಾಕುವಿನ ಮುಂದೆ ಒಯ್ದು ಹಾಕಿದೆ. ಅವರು ಒಂದು ತೂತನ್ನು ಕಿಟಕಿಗೆ ಹಿಡಿದು ನೋಡಿದರು. ಸೂಜಿ ಎಳೆದುಕೊಂಡು ಕೂತರು. ಒಂದು ತೂತು ಮುಚ್ಚಿತು, ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗೋಡೆಯ ಮೇಲಿನ ಬೆಳಕು ಹಳದಿಯಾಯಿತು. ಸೂಜಿ ತುರುಬಿಗೆ ಹೋಯಿತು.

"ಪುರೇ ಆತ ಇವತ್ತಿಗೆ."

"ಕಾಕೂ, ನಡುವ ಒಂದ ದಿನ ಉಳದೈತ್ರಿ. ಇವತ್ತೊಂದಿನ ಕೂಡ್ರಿ."

"ಊಟದ ಹೊತ್ತು ಆತವಾ."

ಆಗ ನನ್ನ ಬಾಯಿಂದ ಬಂದ ಮಾತು ಹೀಗಿತ್ತು. "ಕೂಡೂದ್ಯಾಕ್ರಿ? ಬರೂ ಕೂಸು ನಿಮ್ಮದೇನ? ನಿಮಗ ಯಾರೂ ಅಲ್ಲಲ್ಲ ಅದು."

ಕಾಕು ಮೊಣಕಾಲಿನ ಮೇಲೆ ಕೈಯೂರಿ ಎದ್ದರು, ಒಳಗೆ ಹೋದರು, ಊಟಕ್ಕೆ ಕೂತರು. ನಾನು ಮೆಟ್ಟಿಲ ಮೇಲೆ ನಿಂತು ತಾಟಿನ ಸದ್ದು ಕೇಳಿದೆ. ಅಷ್ಟು ಸಿಟ್ಟು ನನಗೆ ಅತ್ತೆಯ ಮೇಲೂ ಬಂದಿರಲಿಲ್ಲ.

ಮರುದಿನ ಮುಂಜಾನೆ ಬಸದಿಯಿಂದ ನೇರ ನಮ್ಮ ಮನೆಗೆ ಹತ್ತಿ ಬಂದರು, ಹಣೆಯ ಮೇಲೆ ಗಂಧ ಇನ್ನೂ ಹಸಿಯಿತ್ತು. ನಾನು ಶಾಲೆಗೆ ರಜೆ ಹಾಕಿದ್ದೆ. ಇಡೀ ದಿನ ಇಬ್ಬರೂ ಹೊದಿಕೆಯ ಎರಡು ಬದಿ ಹಿಡಿದು ಕೂತೆವು. ಅವರು ಕಂಬ ಎಬ್ಬಿಸಿದರು, ನಾನು ಬಾಲ ಪೋಣಿಸಿದೆ, ಅತ್ತಾಗೊಮ್ಮೆ ಇತ್ತಾಗೊಮ್ಮೆ. ಹಿಂದಿನ ಸಂಜೆಯ ಮಾತಿಗೆ ತಪ್ಪಾಯಿತು ಅನ್ನಲು ಬಾಯಿ ತೆರೆದಾಗಲೆಲ್ಲ ಅವರು, "ಮಾತ ಬ್ಯಾಡ, ಎಣಿಸು" ಅನ್ನುತ್ತಿದ್ದರು. ಬಿಸಿಲು ಇಳಿಯುವ ಮೊದಲು ಹನ್ನೊಂದನೆಯ ತೂತು ಮುಚ್ಚಿತು. ಶುಕ್ರವಾರ ನನ್ನ ಮಗಳು ಅದರಲ್ಲೇ ಮನೆಗೆ ಬಂದಳು.

ಮುಂದಿನ ವಾರ ತೊಟ್ಟಿಲು ಹಾಕುವ ಕಾರ್ಯ ಇಟ್ಟುಕೊಂಡೆವು. ತೊಟ್ಟಿಲಿನ ಎರಡು ಬದಿ ಇಬ್ಬರು ಹೆಂಗಸರು ನಿಂತು, ಕೂಸನ್ನು ಒಬ್ಬರು ಕೆಳಗಿನಿಂದ ದಾಟಿಸಬೇಕು, ಇನ್ನೊಬ್ಬರು ಹಿಡಿದು ಮೇಲಿನಿಂದ ಮರಳಿ ಕೊಡಬೇಕು. ಒಂದು ಬದಿ ತಂದೆಯ ತಾಯಿಯೇ ನಿಲ್ಲುವುದು ಪದ್ಧತಿ. ಅತ್ತೆ ಗಡಹಿಂಗ್ಲಜದಿಂದ ಬಂದಿದ್ದರು. ಬಂದವರು ಮೂಲೆಯ ಖುರ್ಚಿಯಲ್ಲಿ ಕೂತು, ಮೊಣಕಾಲು ನೋವು, ಬೇರೆ ಯಾರಾದರೂ ನಿಲ್ಲಿರಿ ಅಂದರು. ಯಾರೂ ಏಳಲಿಲ್ಲ. ಅತ್ತೆಯೇ ಕೂತಿರುವಾಗ ಯಾರು ಏಳುತ್ತಾರೆ? ನಾನು ಕೂಸನ್ನು ಎತ್ತಿಕೊಂಡು ನಡುಮನೆಯಲ್ಲಿ ನಿಂತೇ ಇದ್ದೆ.

ಕಾಕು ಎದ್ದು ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡರು, ಕಿತ್ತುಕೊಂಡರು ಎಂದೇ ಹೇಳಬೇಕು.

"ಅಕ್ಕಾರ, ನನಗೂ ಮೊಣಕಾಲ ಅದಾವ, ಎರಡೂ ನೋಯತಾವ. ಹೊತ್ತ ಮುಳುಗಾಕ ಬಂತ. ನನ್ನ ಊಟ ತಪ್ಪಿಸಿದ ಪಾಪ ನಿಮ್ಮ ತಲಿಮ್ಯಾಲ ಯಾಕ ತಗೋತೀರಿ? ಏಳ್ರಿ, ಹಿಡೀರಿ."

ಮನೆಗೆ ಬಂದ ಹಿರಿಯರನ್ನು ಉಪವಾಸ ಕೆಡವುವುದು ಅತ್ತೆಯಂಥವರಿಗೆ ಆಗದ ಮಾತು. ಎದ್ದು ಬಂದು ಆಚೆ ಬದಿ ನಿಂತರು. ಕಾಕು ಕೂಸನ್ನು ತೊಟ್ಟಿಲ ಕೆಳಗಿನಿಂದ ದಾಟಿಸಿ ತಮ್ಮ ಕೈ ಸಡಿಲ ಬಿಟ್ಟರು. ಹಾಗೆ ಬಂದ ಕೂಸನ್ನು ಹಿಡಿಯದೆ ಇರಲು ಯಾರಿಗೂ ಬರುವುದಿಲ್ಲ. ಅತ್ತೆ ಹಿಡಿದರು. ಹಿಡಿದವರು ಮೇಲಿನಿಂದ ಮರಳಿ ಕೊಡುವ ಬದಲು ಎದೆಗೆ ಒತ್ತಿಕೊಂಡು ಒಮ್ಮೆ ತೂಗಿ ನೋಡಿ ನನ್ನ ಕಡೆ ತಿರುಗಿ ಗದರಿದರು. "ಎಷ್ಟ ಹಗೂರ ಐತಿ. ಹೊಟ್ಟಿಗೆ ಹಾಕ್ತೀಯೋ ಇಲ್ಲೋ ಇದಕ್ಕ?" ಅತ್ತೆ ಗದರಿದ್ದಕ್ಕೆ ನನಗೆ ಅಳು ಬಂದದ್ದು ಅದೇ ಮೊದಲು, ಖುಷಿಗೆ. ಕಾಕು ಆಗಲೇ ಚಪ್ಪಲಿ ಮೆಟ್ಟಿ ಊಟಕ್ಕೆ ಹೊರಟಿದ್ದರು.

ಮುಂದೆ ಎರಡು ವರ್ಷ ಅವರು ನನ್ನ ಮಗಳನ್ನೂ ಗದರಿದರು, ನನಗೆ ಟೋಪಿ ಹೆಣೆಯಲು ಹಚ್ಚಿ ಅದನ್ನೂ ಬಿಚ್ಚಿಸಿದರು. ಕಳೆದ ಶ್ರಾವಣದಲ್ಲಿ ನಾಲ್ಕು ದಿನ ಜ್ವರ ಬಂದು ಹೋಗಿಬಿಟ್ಟರು. ನಾನು ಆ ನಾಲ್ಕು ದಿನವೂ, ಅವತ್ತಿನ ಮಾತಿಗೆ ತಪ್ಪಾಯಿತೆಂದು ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡೇ ಗಂಜಿ ಒಯ್ದು ಕೊಟ್ಟು ಬಂದೆ. ಹೇಳಲಿಲ್ಲ.

ಅಂತ್ಯಸಂಸ್ಕಾರವಾದ ಮರುದಿನ ಅವರ ಮಗ ಮೇಲೆ ಹತ್ತಿ ಬಂದರು, ಕೈಯಲ್ಲಿ ಒಂದು ಚೀಟಿ. ಅತ್ತಿಗೆ ಎನ್ನಲು ಅವರು ನನಗೆ ವೈನಿ ಅನ್ನುತ್ತಿದ್ದರು.

"ವೈನಿ, ಹುಡುಗಿ ಪೂರ್ತಿ ಹೆಸರ ಏನ್ರಿ? ಬರದ ಕೊಡ್ರಿ. ಬೋರ್ಡಿಗೆ ಬೇಕಾಗೈತಿ."

ಯಾವ ಬೋರ್ಡಿಗೆ ಎಂದೆ. ನಮ್ಮೂರಲ್ಲಿ ಯಾರಾದರೂ ಹೋದರೆ ಓಣಿಯ ಬಾಯಿಗೆ ಅವರ ಫೋಟೋ ಇಟ್ಟು, ಕೆಳಗೆ ದುಃಖದಲ್ಲಿರುವ ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳ ಹೆಸರು ಬರೆದ ಬೋರ್ಡು ನಿಲ್ಲಿಸುತ್ತಾರೆ.

"ಅವ್ವ ಮೊದಲ ಹೇಳಿಟ್ಟಿದ್ದಳ್ರಿ. ಮೊಮ್ಮಕ್ಕಳ ಸಾಲಿನ್ಯಾಗ ಇಕಿ ಹೆಸರೂ ಬರಬೇಕ, ಬಿಟ್ಟಿರಂದ್ರ ನೋಡ್ರಿ, ಅಂದಿದ್ದಳು."

ಅವರ ಮಗನಿಗೆ ಇಬ್ಬರು, ಉದಗಾಂವಕ್ಕೆ ಕೊಟ್ಟ ಮಗಳಿಗೆ ಇಬ್ಬರು. ಐದನೆಯ ಹೆಸರು ನನ್ನ ಮಗಳದು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಬದುಕಿದ್ದಾಗ ಹೇಳಿದ್ದರೆ ಕಾಲು ಹಿಡಿದು ತಪ್ಪಾಯಿತು ಅನ್ನಲು ನನಗೂ ಒಂದು ದಾರಿ ಸಿಗುತ್ತಿತ್ತು, ಅದನ್ನೂ ಕೊಡದೆ ಹೋದರು. ಬೋರ್ಡು ತೆಗೆಯುವವರೆಗೆ ದಿನವೂ ಬಸ್ಸಿಗೆ ಹೋಗುವಾಗ ಅದರ ಮುಂದೆ ನಿಂತು ಐದೂ ಹೆಸರು ಓದಿ ಮುಂದೆ ಹೋಗುತ್ತಿದ್ದೆ.