ಹುಂಜದ ಕುತ್ತಿಗೆಗೆ ಸೂಜಕ್ಕನ ಹೊಲಿಗೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಫುಟ್‌ಬಾಲ್ ಮೈದಾನದ ನಟ್ಟನಡುವೆ ಒಂದು ಭಾರೀ ಹುಂಜ ಅಂಗಾತ ಮಲಗಿದೆ. ಅದರ ಕುತ್ತಿಗೆಯ ಮೇಲೆ ಬರಿಗಾಲಲ್ಲಿ ಕೂತ ಹೆಂಗಸೊಬ್ಬರು ಬಾಯಲ್ಲಿ ದಾರದ ತುದಿ ಕಚ್ಚಿಕೊಂಡು ಸರಸರನೆ ಸೂಜಿ ಓಡಿಸುತ್ತಿದ್ದಾರೆ. ಹುಂಜ ಬಟ್ಟೆಯದು. ಮಂಜಿಗೆ ಒದ್ದೆಯಾಗದಿರಲಿ ಎಂದು ಕೆಳಗೆ ಟಾರ್ಪಾಲು ಹಾಸಿದೆ.

"ಚಪ್ಪಲಿ ಬಿಟ್ಟು ಬನ್ನಿ," ಎನ್ನುವುದು ಅವರು ನನಗೆ ಹೇಳುವ ಮೊದಲ ಮಾತು. ನಾನು ಕಾಲಿಡುವಷ್ಟರಲ್ಲಿ ಎರಡನೆಯದೂ ಬರುತ್ತದೆ. "ಅಯ್ಯೋ, ರೆಕ್ಕೆ ತುಳೀಬೇಡಿ. ಹೊಟ್ಟೆ ಮೇಲಿಂದ ಬನ್ನಿ, ಅಲ್ಲಿ ಬಟ್ಟೆ ಗಟ್ಟಿ ಇದೆ."

ಹುಂಜದ ಹೊಟ್ಟೆಯ ಮೇಲೆ ಹುಷಾರಾಗಿ ನಡೆದು ಹೋಗಿ ಕುತ್ತಿಗೆಯ ಪಕ್ಕ ಕೂರುತ್ತೇನೆ. ಇವರನ್ನು ಎಲ್ಲರೂ ಕರೆಯುವುದು ಸೂಜಕ್ಕ ಎಂದು. ತಂಡದ ಆಟಗಾರರಿಗೂ ಸೂಜಕ್ಕ, ಗೇಟು ಕಾಯುವವರಿಗೂ ಸೂಜಕ್ಕ. ಅಂಗಿಯ ಬೆನ್ನಿಗೆ ನಂಬರು ಹೊಲಿಯುವುದು, ಗೋಲಿನ ಬಲೆ ಹರಿದರೆ ಗಂಟು ಹಾಕುವುದು, ಗೋಲ್‌ಕೀಪರನ ಕೈಗವಸು ಬಾಯಿಬಿಟ್ಟರೆ ಮುಚ್ಚುವುದು, ಎಲ್ಲ ಇವರದೇ. ಪತ್ರಿಕೆಗಳಲ್ಲಿ ಗೋಲು ಹೊಡೆದವನ ಫೋಟೋ ಬರುತ್ತದೆ. ಅವನ ಬೆನ್ನಿನ ನಂಬರು ನೆಟ್ಟಗಿರುವುದು ಯಾರ ಪುಣ್ಯ ಎಂದು ಯಾರೂ ಬರೆದದ್ದಿಲ್ಲ. ಫುಟ್‌ಬಾಲಿನ ಗಂಧಗಾಳಿ ಇಲ್ಲದ ನನ್ನಂಥವಳಿಗೆ ಪತ್ರಿಕೆಗೆ ಅದನ್ನು ಬರೆಯುವ ಕೆಲಸ ಬಂದಿದೆ.

ಆದರೆ ಇವರ ದೊಡ್ಡ ಕೆಲಸ ಈ ಹುಂಜ. ಪಂದ್ಯ ಶುರುವಾಗುವ ಮೊದಲು ಅಭಿಮಾನಿಗಳು ಇಡೀ ಗ್ಯಾಲರಿ ಮುಚ್ಚುವಂತೆ ಎತ್ತಿ ಹಿಡಿಯುವ ಬಟ್ಟೆ ಇದು. ಹುಟ್ಟಿದ್ದು ಒಂದು ಹಾಸಿಗೆ ಹೊದಿಕೆಯಾಗಿ. ಮದುವೆಯಾದ ಹೊಸದರಲ್ಲಿ ಗಂಡನಿಗೋಸ್ಕರ ಸೂಜಕ್ಕ ಅದರ ಮೇಲೆ ತಂಡದ ಗುರುತಾದ ಹುಂಜವನ್ನು ಹೊಲಿದುಕೊಟ್ಟರು. ಮುಂದಿನ ವಾರ ಗ್ಯಾಲರಿಯ ಇನ್ನೊಬ್ಬ ತನ್ನ ಹಳೆಯ ಅಂಗಿ ತಂದುಕೊಟ್ಟು, "ಅಕ್ಕ, ನಂದೂ ಸೇರಿಸಿ," ಎಂದ. ಆಮೇಲೆ ಅದೇ ಪದ್ಧತಿಯಾಯಿತು. ಗ್ಯಾಲರಿಗೆ ಕಾಯಂ ಬರುವ ಪ್ರತಿಯೊಬ್ಬರ ಹಳೆಯ ಅಂಗಿ ಹುಂಜಕ್ಕೆ ಸೇರುತ್ತದೆ. ಅದೇ ಅಂಗಿಯ ತುಂಡಿನಿಂದ ಅಂಚಿಗೆ ಒಂದು ಹಿಡಿ. ಅವರು ಹಿಡಿಯುವುದು ಅದನ್ನೇ, ಬೇರೆಯವರು ಮುಟ್ಟುವಂತಿಲ್ಲ. ಮೂವತ್ತು ವರ್ಷದಲ್ಲಿ ಹುಂಜ ಗ್ಯಾಲರಿಯಷ್ಟು ಅಗಲವಾಗಿದೆ.

"ಈ ರೆಕ್ಕೆ ಇದೆಯಲ್ಲ, ಇದು ಪೂರ್ತಿ ಪೋಸ್ಟ್‌ಮ್ಯಾನುಗಳದು," ಎಂದು ತೋರಿಸುತ್ತಾರೆ. "ಜುಟ್ಟು ಒಬ್ಬ ನರ್ಸಮ್ಮ ಕೊಟ್ಟಿದ್ದು, ಅವರ ಕೆಂಪು ಸ್ವೆಟರ್ರು. ಇಲ್ಲಿ ಒಂದು ಜೇಬು ಹಾಗೇ ಇದೆ ನೋಡಿ. ಕೊಟ್ಟೋರು ಜೇಬಲ್ಲಿ ಬಸ್ ಟಿಕೆಟ್ ಬಿಟ್ಟಿದ್ರು. ಪಾಪ, ಇರ್ಲಿ ಅಂತ ಅದರ ಸಮೇತ ಹೊಲ್ದೆ."

ಸೂಜಕ್ಕನ ಅಂಗಡಿಯನ್ನು ಅಂಗಡಿ ಎನ್ನುವುದಕ್ಕೆ ಧೈರ್ಯ ಬೇಕು. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಬಲ್ಬು, ಒಂದು ಸ್ಟೂಲು. ಯಾರಾದರೂ ಮೆಟ್ಟಿಲಿಳಿದರೆ ಧೂಳು ತಲೆಗೆ. ಮೊದಲು ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದರು. ದಿನವಿಡೀ ಕಾಲರ್, ಬರೀ ಕಾಲರ್. ಕಾರ್ಖಾನೆ ಮುಚ್ಚಿದ ದಿನ ಬೇರೆಯವರೆಲ್ಲ ಅಳುತ್ತಿದ್ದರೆ ಇವರು ಮನೆಗೆ ಬಂದು ಒಂದು ಪೂರ್ತಿ ಅಂಗಿ ಹೊಲಿದರಂತೆ. "ತೋಳು ಹೊಲಿಯೋದು ಮರೆತೇ ಹೋಗಿತ್ತು," ಎಂದು ನಗುತ್ತಾರೆ. ಈಗ ಪ್ಯಾಂಟಿನ ಅಂಚು, ಜಿಪ್ಪು, ಪರದೆ, ಏನು ಬಂದರೂ ಸೈ. ಬಲಭುಜ ಹಿಡಿದುಕೊಂಡಿದೆ, ಚಳಿ ಬಂದರೆ ಎತ್ತಲಾಗುವುದಿಲ್ಲ. ಮೆಟ್ಟಿಲ ಕೆಳಗೆ ಹುಂಜ ಬಿಚ್ಚಲು ಜಾಗವಿಲ್ಲದ್ದರಿಂದ, ಆಟಗಾರರು ಅಭ್ಯಾಸಕ್ಕೆ ಬರುವ ಮುಂಚೆ ಇಲ್ಲಿಗೆ ಬರುತ್ತಾರೆ. ಮೈದಾನ ನೋಡಿಕೊಳ್ಳುವ ಮಾಲಿ ಗೇಟು ತೆಗೆದುಕೊಡುತ್ತಾನೆ.

ಇಷ್ಟು ಚೆಂದದ ಹುಂಜದ ಕುತ್ತಿಗೆ ಹರಿದದ್ದು ಹೇಗೆ? ಕೇಳಿದ್ದೇ ತಡ, ಸೂಜಕ್ಕ ಸೂಜಿಯನ್ನು ತೋಳಿಗೆ ಚುಚ್ಚಿಕೊಂಡು ನೆಟ್ಟಗೆ ಕೂರುತ್ತಾರೆ.

ಇವರ ಅಣ್ಣ ಬೇಕರಿಯವರು. ಗಂಡ ಕನ್ನಡಕದಂಗಡಿಯವರು. ಇಬ್ಬರೂ ಒಂದೇ ಗ್ಯಾಲರಿಯಲ್ಲಿ ಅಕ್ಕಪಕ್ಕ ಕೂತು ಬೆಳೆದವರು. ಸಂಬಂಧ ಕುದುರಿದ್ದೂ ಅಲ್ಲೇ. ಮಧ್ಯಂತರದಲ್ಲಿ ಅಣ್ಣ, "ನನ್ನ ತಂಗಿ ಇದಾಳೆ, ನೋಡ್ತೀಯಾ?" ಎಂದರೆ, ಕನ್ನಡಕದವರು, "ಈ ಪಂದ್ಯ ಮುಗೀಲಿ," ಎಂದರಂತೆ. ಅಂದಿನಿಂದ ಒಬ್ಬರಿಗೊಬ್ಬರು 'ಭಾವ'. ಹುಂಜದ ಕೊಕ್ಕಿನ ತುದಿ ಅಣ್ಣನ ಕೈಯಲ್ಲಿ, ಬಾಲದ ತುದಿ ಗಂಡನ ಕೈಯಲ್ಲಿ. ರಾಜಕೀಯದಲ್ಲೂ ಹಾಗೇ, ಒಬ್ಬರು ಆಳುವ ಪಕ್ಷ, ಇನ್ನೊಬ್ಬರು ವಿರೋಧ ಪಕ್ಷ. ಸರ್ಕಾರ ಬದಲಾದರೆ ಇವರ ಪಾತ್ರ ಅದಲುಬದಲು, ಜಗಳ ಮಾತ್ರ ಅದೇ. ಪ್ರತಿ ಪಂದ್ಯಕ್ಕೂ ಹೋಗುತ್ತಾ ಜಗಳ, ಬರುತ್ತಾ ಜಗಳ. ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಕಳೆದ ಚುನಾವಣೆಯಲ್ಲಿ ಬೇಕರಿಯವರ ಪಕ್ಷದ ಅಭ್ಯರ್ಥಿ, ಗೆದ್ದರೆ ಮೈದಾನಕ್ಕೆ ದೊಡ್ಡ ದೀಪಗಳನ್ನು ಹಾಕಿಸುತ್ತೇನೆ ಎಂದರು. ಬೇಕರಿಯವರು ಖುಷಿಗೆ ಹಿಗ್ಗಿಹೋದರು. ತಂಗಿಗೂ ಹೇಳದೆ ಪಕ್ಷದ ಗುರುತಿನ ಬಟ್ಟೆಯನ್ನು ಹುಂಜದ ಕುತ್ತಿಗೆಗೆ, ಮೇಲಂಚಿಗೆ ಹತ್ತಿರದಲ್ಲಿ, ತಾವೇ ಹೊಲಿದುಬಿಟ್ಟರು. ಕೈಗೆ ಸಿಕ್ಕ ದಾರ ಹಿಟ್ಟಿನ ಚೀಲದ್ದು. ಪಂದ್ಯದ ದಿನ ಹುಂಜ ಎದ್ದಿತು, ಕುತ್ತಿಗೆಯಲ್ಲಿ ಪಕ್ಷದ ಗುರುತು. ಕನ್ನಡಕದವರು ಬಾಲ ಬಿಟ್ಟು ಓಡಿಬಂದು ಅದನ್ನು ಹಿಡಿದು ಎಳೆದರು.

"ಚೀಲದ ದಾರ ಕಿತ್ತು ಬರುತ್ತಾ? ಬಟ್ಟೇನೇ ಬಂತು," ಎನ್ನುತ್ತಾರೆ ಸೂಜಕ್ಕ. "ಹೊಲಿಯೋಕೆ ಬರ್ದೇ ಇರೋನು ಹೊಲ್ದ, ಬಿಚ್ಚೋಕೆ ಬರ್ದೇ ಇರೋರು ಬಿಚ್ಚಿದ್ರು. ಇಬ್ಬರಲ್ಲಿ ಒಬ್ಬರಾದ್ರೂ ನನ್ನ ಕೇಳಿದ್ರೆ ಕತ್ತರಿ ಕೊಡ್ತಿದ್ದೆ."

ಸಾಲದ್ದಕ್ಕೆ ಕನ್ನಡಕದವರು ಅವತ್ತು ಸಂಜೆ ಗುಟ್ಟಾಗಿ, ಫ್ರೇಮು ಅಂಟಿಸುವ ಗೋಂದು ಬಳಿದು ಹರಕಲನ್ನು ಅಂಟಿಸಲು ನೋಡಿದರು. ಒಣಗಿದ ಮೇಲೆ ಅದು ಹಪ್ಪಳದಂತೆ ಲಟಕ್ಕನೆ ಮುರಿದು, ಹರಕಲು ಇನ್ನಷ್ಟು ಉದ್ದವಾಯಿತು. ಅದನ್ನು ಹೇಳುವಾಗ ಸೂಜಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

ಅಲ್ಲಿಂದ ಗ್ಯಾಲರಿಯೇ ಎರಡಾಯಿತು. ಬೇಕರಿಯವರ ಜನ ಒಂದು ತುದಿಗೆ, ಕನ್ನಡಕದವರ ಜನ ಇನ್ನೊಂದು ತುದಿಗೆ, ನಡುವೆ ಖಾಲಿ ಬೆಂಚುಗಳು. ಮುಂದಿನ ಪಂದ್ಯದಲ್ಲಿ ಬಾಲದ ಕಡೆಯವರು ಮಾತ್ರ ಬಟ್ಟೆ ಎತ್ತಿದರು. ಎದುರಾಳಿ ಗ್ಯಾಲರಿಯವರಿಗೆ ಹಬ್ಬ. "ಬಾಲ ಬಂದಿದೆ, ತಲೆ ರಜಾನಾ?" ಎಂದು ತೊಂಬತ್ತು ನಿಮಿಷ ಹಾಡಿದರಂತೆ. ಪಂದ್ಯ ಮುಗಿದಾಗ ಮಳೆ. ಮಡಚುವುದಕ್ಕೆ ಆಚೆ ತುದಿ ಹಿಡಿಯುವವರಿಲ್ಲ. ಒದ್ದೆ ಹುಂಜವನ್ನು ಮುದ್ದೆ ಮಾಡಿ ಮೈದಾನದ ಸಾಮಾನು ಕೋಣೆಗೆ ತುರುಕಿದರು. ಬೂಷ್ಟು ಹಿಡಿಯಿತು.

ಆಮೇಲೆ ಇಬ್ಬರೂ ಬೇರೆಬೇರೆಯಾಗಿ ಸೂಜಕ್ಕನ ಬಳಿ ಬಂದರು. ಬೇಡಿಕೆ ಒಂದೇ: ಹುಂಜವನ್ನು ಕತ್ತರಿಸಿ ನಮ್ಮ ಅರ್ಧ ನಮಗೆ ಕೊಡು.

"ಯಾವ ಅರ್ಧ ಅಂತ ಕೇಳ್ದೆ. ನಮ್ಮಣ್ಣನ ಜನದ ಅಂಗಿ ಬಾಲದಲ್ಲೂ ಇದೆ, ಇವರ ಜನದ ಅಂಗಿ ಕೊಕ್ಕಲ್ಲೂ ಇದೆ. ಬಿಚ್ತೀನಿ, ಒಬ್ಬೊಬ್ಬರ ಅಂಗಿ ಒಬ್ಬೊಬ್ಬರಿಗೆ ವಾಪಸ್ ಕೊಡ್ತೀನಿ, ಹಾಕ್ಕೊಂಡು ಓಡಾಡಿ ಅಂದೆ. ಇಬ್ಬರೂ ಬಾಯಿ ಮುಚ್ಕೊಂಡು ಹೋದ್ರು. ಅವತ್ತಿಂದ ಇಬ್ಬರಿಗೂ ಮಾತಿಲ್ಲ."

ಸೂಜಕ್ಕನ ನಿಜವಾದ ಸಂಕಟ ಇಲ್ಲಿದೆ. ಚುನಾವಣೆ ಮುಗಿದಾಗಿನಿಂದ ಅಣ್ಣ ತಂಗಿಯ ಮನೆ ಹೊಸ್ತಿಲು ತುಳಿದಿಲ್ಲ. ಬೆಳಿಗ್ಗೆ ಬ್ರೆಡ್ಡಿನ ಚೀಲ ಮಾತ್ರ ಬಾಗಿಲ ಚಿಲಕಕ್ಕೆ ನೇತಾಡುತ್ತಿರುತ್ತದೆ. "ಇವರು ಅದನ್ನ ತಿಂತಾರೆ. ಬ್ರೆಡ್ಡಿಗೆ ಪಕ್ಷ ಇಲ್ವಂತೆ," ಎಂದು ನಗಲು ಹೋಗಿ ಅವರ ದನಿ ಸಣ್ಣಗಾಗುತ್ತದೆ. "ಜಗಳ ಆಡ್ತಿದ್ದಾಗ ನಂಗೆ ತಲೆನೋವು ಬರ್ತಿತ್ತು. ಈಗ ಭಾನುವಾರ ಬಂದ್ರೆ ಮನೆ ಬಿಕೋ ಅನ್ನುತ್ತೆ. ಜಗಳ ಆಡೋರೇ ಇಲ್ಲ. ಅದು ತಡ್ಕೊಳ್ಳೋಕೆ ಆಗ್ತಿಲ್ಲ ನೋಡಿ."

ನೀವು ಯಾರಿಗೆ ವೋಟು ಹಾಕಿದ್ರಿ ಎಂದು ಕೇಳುತ್ತೇನೆ. "ನಮ್ಮನೆಯವರು ಕೇಳಿ ಸೋತರು, ನಮ್ಮಣ್ಣ ಕೇಳಿ ಸೋತ. ನೀವು ಇವತ್ತು ಬಂದೋರು," ಎಂದು ದಾರ ಕಡಿಯುತ್ತಾರೆ.

ನಾಳೆ ಈ ವರ್ಷದ ಕೊನೆಯ ಪಂದ್ಯ. ಸೂಜಕ್ಕ ಹುಂಜವನ್ನು ಒಗೆದು, ಒಣಗಿಸಿ, ಈಗ ಕುತ್ತಿಗೆಗೆ ಕೊನೆಯ ಹೊಲಿಗೆ ಹಾಕುತ್ತಿದ್ದಾರೆ. ಅಣ್ಣನಿಗೂ ಗಂಡನಿಗೂ ಹೇಳಿದ್ದಾರೆ: ಹೊಲಿಯುವುದು ನನ್ನ ಕೆಲಸ, ಮಡಚುವುದು ನಿಮ್ಮದು, ಬೆಳಿಗ್ಗೆ ಬಂದು ಮಡಚಿ, ಇಲ್ಲದಿದ್ದರೆ ಹುಂಜ ಇಲ್ಲೇ ಬಿದ್ದಿರುತ್ತದೆ. "ಮೋಸ ಮಾಡಿಲ್ಲ. ಇಬ್ಬರೂ ಬರ್ತಾರೆ ಅಂತ ಇಬ್ಬರಿಗೂ ಹೇಳಿದ್ದೀನಿ," ಎನ್ನುತ್ತಾ ಗೇಟಿನ ಕಡೆ ನೋಡುತ್ತಾರೆ. ಈ ಮಾತನ್ನು ಅವರು ಹೇಳುತ್ತಿರುವುದು ಎಷ್ಟನೇ ಸಲವೋ.

ಇನ್ನೊಂದು ಕಿತಾಪತಿಯನ್ನೂ ಮಾಡಿದ್ದಾರೆ. ಬಾಲದ ತುದಿಯಲ್ಲಿದ್ದ ಗಂಡನ ಹಿಡಿಯನ್ನೂ ಕೊಕ್ಕಿನಲ್ಲಿದ್ದ ಅಣ್ಣನ ಹಿಡಿಯನ್ನೂ ಬಿಚ್ಚಿ, ಮೇಲಂಚಿನಲ್ಲಿ ಹೊಸ ಹೊಲಿಗೆಯ ಎರಡು ಪಕ್ಕಕ್ಕೆ ಒಂದೊಂದು ಹೊಲಿದಿದ್ದಾರೆ. "ಹರಿದೋರೇ ಹಿಡ್ಕೊಳ್ಳಲಿ. ಚೆನ್ನಾಗಿ ಎಳೆದು ಹಿಡಿದ್ರೆ ಹೊಲಿಗೆ ಕಾಣಲ್ಲ. ಸಡಿಲ ಬಿಟ್ರೆ ಸುಕ್ಕು ಬೀಳುತ್ತೆ, ಊರಿಗೆಲ್ಲ ಕಾಣುತ್ತೆ."

ಬಿಸಿಲು ಗೋಲಿನ ಕಂಬ ಮುಟ್ಟುವ ಹೊತ್ತಿಗೆ ಇಬ್ಬರೂ ಬರುತ್ತಾರೆ, ಬೇರೆಬೇರೆ ಗೇಟಿನಿಂದ. ಕನ್ನಡಕದವರು ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ. ಬೇಕರಿಯವರು ದಪ್ಪಗೆ, ತೋಳಿಗೆಲ್ಲ ಹಿಟ್ಟು. ನಮಸ್ಕಾರವಿಲ್ಲ, ಮುಖ ನೋಡುವುದಿಲ್ಲ. ಮಾಲಿಯೂ ನಾನೂ ಸೇರಿ ಎಲ್ಲರೂ ಅಗಲವನ್ನು ಮಡಚಿ ಉದ್ದನೆಯ ಪಟ್ಟಿ ಮಾಡುತ್ತೇವೆ. ಆಮೇಲಿನದು ಇಬ್ಬರ ಕೆಲಸ. ಎರಡು ತುದಿ ಹಿಡಿದು ಎದುರುಬದುರು ನಡೆದುಬಂದು, ಒಬ್ಬರ ತುದಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಮುಟ್ಟದೆ ಮಡಚಲು ಬರುವುದಿಲ್ಲ.

ಮೊದಲ ಸಲ ಹತ್ತಿರ ಬಂದಾಗ ಇಬ್ಬರೂ ಪಕ್ಕಕ್ಕೆ ನೋಡುತ್ತಾ ತುದಿ ದಾಟಿಸಿ ಹಿಂದೆ ಸರಿಯುತ್ತಾರೆ. ನನ್ನ ಪಕ್ಕದಲ್ಲಿ ಸೂಜಕ್ಕ ಸೆರಗಿನ ತುದಿ ತಿರುಚುತ್ತಿದ್ದಾರೆ. ಎರಡನೆಯ ಸಲ ಎದುರಾದಾಗ ಕನ್ನಡಕದವರ ಕಣ್ಣು ಬೇಕರಿಯವರ ಮುಖದ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತದೆ. ಬೇಕರಿಯವರ ಕನ್ನಡಕದ ಕಾಲು ಮುರಿದಿದೆ, ಅದನ್ನು ದಾರ ಸುತ್ತಿ ಕಟ್ಟಿದ್ದಾರೆ. ಬೇರೆ ಅಂಗಡಿಗೆ ಹೋಗಲು ಮನಸ್ಸಿಲ್ಲ, ಭಾವನ ಅಂಗಡಿಗೆ ಬರಲು ಮುಖವಿಲ್ಲ.

"ಇದೇನು ಭಾವ, ಹಿಟ್ಟಿನ ಚೀಲದ ದಾರನಾ?" ಎನ್ನುತ್ತಾರೆ ಕನ್ನಡಕದವರು. ತಡೆದುಕೊಳ್ಳಲಾಗದೆ ಬಂದ ಮಾತು ಅದು.

"ಗಟ್ಟಿ ದಾರ ಭಾವ," ಎನ್ನುತ್ತಾರೆ ಬೇಕರಿಯವರು. "ಎಳೆದು ನೋಡಿದ್ದೀರಲ್ಲ."

ಮೊದಲು ನಕ್ಕವನು ಮಾಲಿ. ಕನ್ನಡಕದವರು ನಗುವುದಿಲ್ಲ, ಭಾವನ ಮುಖದಿಂದ ಕನ್ನಡಕ ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. "ಸಂಜೆ ಬಂದು ತಗೊಳ್ಳಿ. ನಮ್ಮ ಅಂಗಡಿ ಮರ್ಯಾದೆ ತೆಗೀಬೇಡಿ."

"ಕನ್ನಡಕ ಇಲ್ದೆ ಹೇಗ್ರೀ ಮಡಚಲಿ?"

"ಕನ್ನಡಕ ಹಾಕ್ಕೊಂಡೇ ಅವರಿಗೆ ವೋಟು ಹಾಕಿದ್ರಲ್ಲ. ಎಲ್ಲಿ ನಿಮ್ಮ ದೀಪ?"

"ಕಂಬ ನೆಟ್ಟಿಲ್ವಾ?"

"ನೆಟ್ಟಿದ್ದಾರೆ. ನಿಮ್ಮ ತಂಗಿ ಅದಕ್ಕೇ ಹಗ್ಗ ಕಟ್ಟಿ ಹುಂಜ ಒಣಗಿಸಿದ್ದು."

ಅಷ್ಟೇ. ಆಮೇಲೆ ಪ್ರತಿ ಮಡಿಕೆಗೂ ಒಂದೊಂದು ವಾದ. ತೆರಿಗೆ, ರಸ್ತೆ, ಹಳೆಯ ಸರ್ಕಾರ, ಅದಕ್ಕೂ ಹಳೆಯ ಸರ್ಕಾರ. ದೂರ ಹೋದಾಗ ಕೂಗಾಡುತ್ತಾರೆ, ಹತ್ತಿರ ಬಂದಾಗ ದನಿ ತಗ್ಗಿಸಿ ವಾದಿಸುತ್ತಾರೆ, ತುದಿ ಮಾತ್ರ ತುದಿಗೆ ಸರಿಯಾಗಿ ಸೇರುತ್ತದೆ. ಸೂಜಕ್ಕನ ಕಣ್ಣಲ್ಲಿ ನೀರು. "ಅಬ್ಬ, ಶುರುವಾಯ್ತು," ಎನ್ನುತ್ತಾ ಸೆರಗಿನಿಂದ ಒರೆಸಿಕೊಳ್ಳುತ್ತಾರೆ. "ಇನ್ನು ಮನೇಲಿ ಕಿವಿಗೆ ಹತ್ತಿ ಇಟ್ಕೋಬೇಕು."

ನಿಮಗೇನಾದರೂ ಆಸೆ ಇದೆಯಾ ಎಂದು ಹೊರಡುವಾಗ ಕೇಳುತ್ತೇನೆ. ಇದೆ. ಇಷ್ಟು ವರ್ಷ ಹುಂಜ ಎದ್ದಾಗಲೆಲ್ಲ ಸೂಜಕ್ಕ ಅದರ ಕೆಳಗೇ ಇದ್ದವರು, ಎಲ್ಲಾದರೂ ಬಿಚ್ಚಿಕೊಂಡರೆ ಎಂದು ಸೂಜಿ ಹಿಡಿದು. ಎದುರಿನಿಂದ ಅದು ಹೇಗೆ ಕಾಣುತ್ತದೆಂದು ಅವರಿಗೆ ಗೊತ್ತಿಲ್ಲ. "ಒಂದು ಸಲ ನೋಡ್ಬೇಕು. ಆದ್ರೆ ಅದಕ್ಕೆ ಎದುರಾಳಿಗಳ ಗ್ಯಾಲರೀಲಿ ಕೂರ್ಬೇಕಲ್ಲ."

ಹಾಗಾಗಿ ಮರುದಿನ, ಭಾನುವಾರ, ನಾವಿಬ್ಬರೂ ಎದುರಾಳಿಗಳ ನಡುವೆ ಕೂತಿದ್ದೇವೆ. ಸೂಜಕ್ಕ ಆಚೆ ನೋಡುತ್ತಿದ್ದಾರೆ. ಅಲ್ಲಿ ನಡುವಿನ ಬೆಂಚುಗಳು ತುಂಬಿವೆ. ಸೀಟಿ ಕೇಳುತ್ತದೆ. ಹುಂಜ ಏಳುತ್ತದೆ, ಕೊಕ್ಕಿನಿಂದ ಬಾಲದವರೆಗೆ, ನರ್ಸಮ್ಮನ ಕೆಂಪು ಜುಟ್ಟಿನ ಸಮೇತ. ನಮ್ಮ ಸುತ್ತಲಿನ ಎದುರಾಳಿಗಳೂ ಒಂದು ಗಳಿಗೆ ಹಾಡು ನಿಲ್ಲಿಸುತ್ತಾರೆ.

ಸೂಜಕ್ಕ ಕಣ್ಣು ಕಿರಿದು ಮಾಡಿ, "ಕುತ್ತಿಗೇಲಿ ಸುಕ್ಕು," ಎನ್ನುತ್ತಾರೆ. ನಿಜ, ಹೊಲಿಗೆ ಹಾಕಿದ ಕಡೆ ಬಟ್ಟೆ ಜೋತುಬಿದ್ದಿದೆ. ಮೇಲಂಚಿನ ಉದ್ದಕ್ಕೂ ಕಾಣುವ ತಲೆಗಳೆಲ್ಲ ಮೈದಾನದ ಕಡೆ ತಿರುಗಿವೆ. ಸುಕ್ಕಿನ ಆಚೀಚೆ ಇರುವ ಎರಡು ತಲೆಗಳು ಮಾತ್ರ ಒಂದಕ್ಕೊಂದು ತಿರುಗಿ, ಜೋರಾಗಿ ಅಲ್ಲಾಡುತ್ತಿವೆ.

ಹೊಲಿಗೆ ಊರಿಗೆಲ್ಲ ಕಾಣುತ್ತಿದೆಯಲ್ಲ, ಬೇಜಾರಿಲ್ಲವಾ ಎನ್ನುತ್ತೇನೆ.

"ಕಾಣ್ಲಿ ಬಿಡಿ," ಎನ್ನುತ್ತಾರೆ ಸೂಜಕ್ಕ. "ಆ ಸುಕ್ಕು ಹಾಗೇ ಇರ್ಲಿ."